ಹುತಾತ್ಮ ಮೈಲಾರ ಮಹದೇವಪ್ಪ (1911–1943)

ಹಾವೇರಿ ಜಿಲ್ಲೆಯ ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಮೈಲಾರ ಮಹದೇವಪ್ಪನವರ ಹೆಸರು ಅಗ್ರಗಣ್ಯವಾದುದು. 1930ರ ದಾಂಡಿ ಯಾತ್ರೆಯಲ್ಲಿ ಮಹಾತ್ಮಾ ಗಾಂಧೀಜಿಯವರೊಡನೆ ಮೊದಲ ದಿನದಿಂದಲೇ ಹೆಜ್ಜೆ ಹಾಕಿದ ತಂಡದಲ್ಲಿದ್ದ ಏಕೈಕ ಕನ್ನಡಿಗರು ಅವರು.

ಮಹದೇವಪ್ಪನವರು 1911ರ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ ಜನಿಸಿದರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಬ್ಯಾಡಗಿ ತಾಲೂಕಿನ ಈ ಗ್ರಾಮವು ಹಾವೇರಿ ಮತ್ತು ರಾಣೆಬೆನ್ನೂರುಗಳ ನಡುವೆ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಆಗ ಈ ಮೂರೂ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ವಿದ್ಯಾರ್ಥಿ ದೆಸೆಯಲ್ಲಿಯೇ ಅವರ ಮನಸ್ಸು ಖಾದಿ ಹಾಗೂ ರಾಷ್ಟ್ರೀಯ ಚಳವಳಿಯ ಕಡೆಗೆ ತಿರುಗಿತು. ಓದನ್ನು ಬಿಟ್ಟು, ಇನ್ನೂ ಹದಿಹರೆಯದಲ್ಲಿರುವಾಗಲೇ ಅವರು ಗುಜರಾತಿನ ಸಾಬರಮತಿ ಆಶ್ರಮವನ್ನು ಸೇರಿದರು.

1930ರ ಮಾರ್ಚ್ 12ರ ಬೆಳಿಗ್ಗೆ ಗಾಂಧೀಜಿಯವರು ಆಶ್ರಮದಿಂದ ಹೊರಟಾಗ ಅವರೊಂದಿಗೆ 78 ಮಂದಿ ಸತ್ಯಾಗ್ರಹಿಗಳಿದ್ದರು. ಮಹದೇವಪ್ಪನವರಿಗೆ ಆಗ ಹತ್ತೊಂಬತ್ತು ತುಂಬಿರಲಿಲ್ಲ. ಯಾತ್ರಿಕರ ಪಟ್ಟಿಯಲ್ಲಿ ಅವರ ಹೆಸರು ಮಹಾದೇವ ಮಾರ್ತಾಂಡ ಎಂದು ದಾಖಲಾಗಿದೆ. ತಂದೆಯ ಹೆಸರನ್ನು ಜೊತೆಗೆ ಸೇರಿಸಿ ಬರೆಯುವುದು ಆ ಪ್ರಾಂತದ ರೂಢಿ. ಆದುದರಿಂದ ಹಳೆಯ ಪಟ್ಟಿಗಳಲ್ಲಿ ಮೈಲಾರ ಎಂಬ ಮನೆತನದ ಹೆಸರನ್ನು ಹುಡುಕುವವರಿಗೆ ಅವರು ಸುಲಭವಾಗಿ ಸಿಗುವುದಿಲ್ಲ.

ಯಾತ್ರೆಯ ದೂರ ಸುಮಾರು 240 ಮೈಲಿ, ಅಂದರೆ 385 ಕಿಲೋಮೀಟರು. ಅವಧಿ 24 ದಿನಗಳು. ಗಾಂಧೀಜಿಯವರ ಮೌನದ ದಿನವಾದ ಸೋಮವಾರ ನಡಿಗೆ ಇರಲಿಲ್ಲ. ಉಳಿದ ದಿನಗಳಲ್ಲಿ ಬಿಸಿಲು ಏರುವ ಮೊದಲು ಒಂದು ಹಂತ, ಸಂಜೆ ಇನ್ನೊಂದು ಹಂತ ನಡೆಯಬೇಕಾಗಿತ್ತು. ಊರು ತಲುಪಿದ ಮೇಲೂ ವಿಶ್ರಾಂತಿಯೆಂಬುದು ಕಡಿಮೆ. ಪ್ರಾರ್ಥನೆ, ನೂಲುವಿಕೆ ಹಾಗೂ ದಿನಚರಿ ಬರೆಯುವುದು ಪ್ರತಿಯೊಬ್ಬರಿಗೂ ಕಡ್ಡಾಯವಾಗಿತ್ತು. ಕಾಲಿಗೆ ಬೊಬ್ಬೆ ಬಂದು, ಜ್ವರ ಹಿಡಿದು ಬಳಲಿದ ಯುವಕರಿದ್ದರು. ಅರುವತ್ತು ದಾಟಿದ ಗಾಂಧೀಜಿ ಮಾತ್ರ ತಮಗಾಗಿ ತಂದಿದ್ದ ಕುದುರೆಯನ್ನು ಏರದೆ ನಡೆದೇ ಸಾಗಿದರು. ಮಹಿ ನದಿಯನ್ನು ರಾತ್ರಿಯ ವೇಳೆಯಲ್ಲಿ ದಾಟುವಾಗ ದೋಣಿಯಿಂದ ಇಳಿದು ಕೆಸರಿನಲ್ಲಿ ಬಹುದೂರ ಕಾಲೆಳೆಯಬೇಕಾಯಿತು. ಏಪ್ರಿಲ್ 5ರಂದು ತಂಡವು ದಾಂಡಿಯನ್ನು ತಲುಪಿತು. ಮರುದಿನ ಬೆಳಿಗ್ಗೆ ಉಪ್ಪಿನ ಕಾನೂನಿನ ಉಲ್ಲಂಘನೆಯಾಯಿತು. ಅದಾದ ಒಂದು ವಾರಕ್ಕೆ, ಏಪ್ರಿಲ್ 13ರಂದು, ಕರ್ನಾಟಕದ ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ಆರಂಭಗೊಂಡಿತು.

ಯಾತ್ರೆಯ ನಂತರ ಮಹದೇವಪ್ಪನವರು ಸೆರೆವಾಸವನ್ನು ಅನುಭವಿಸಿದರು. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿಗೆ ತೆರಳಿ, ಚಳವಳಿಯಲ್ಲಿ ಪಾಲ್ಗೊಂಡು ಕಾರಾಗೃಹ ಕಂಡರು. ಪತಿಯ ಹೆಸರಿನ ನೆರಳಿನಲ್ಲಿ ಈ ಸಂಗತಿ ಮರೆಯಾಗಬಾರದು. ಊರಿಗೆ ಮರಳಿದ ಬಳಿಕ ಮಹದೇವಪ್ಪನವರು ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಆಶ್ರಮವನ್ನು ಸ್ಥಾಪಿಸಿ, ಖಾದಿ ಕಾರ್ಯ ಹಾಗೂ ಗ್ರಾಮಸೇವೆಯಲ್ಲಿ ತೊಡಗಿದರು.

1942ರ ಆಗಸ್ಟ್‌ನಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಘೋಷಣೆಯಾಗಿ ಹಿರಿಯ ನಾಯಕರೆಲ್ಲ ಬಂಧಿತರಾದರು. ಮಹದೇವಪ್ಪನವರು ಭೂಗತರಾಗಿ ತರುಣರ ತಂಡವೊಂದನ್ನು ಕಟ್ಟಿದರು. ಸರಕಾರದ ಆಡಳಿತ ಯಂತ್ರವನ್ನು, ಮುಖ್ಯವಾಗಿ ಕಂದಾಯ ವಸೂಲಿಯನ್ನು, ನಿಲ್ಲಿಸುವುದು ಅವರ ಉದ್ದೇಶವಾಗಿತ್ತು. ಸರಕಾರದ ಆಸ್ತಿಗೆ ಧಕ್ಕೆಯಾದರೂ ಯಾರ ಪ್ರಾಣಕ್ಕೂ ಅಪಾಯವಾಗಕೂಡದು ಎಂಬುದು ತಂಡದ ನಿಯಮ. ದಾಂಡಿಯ ಶಿಸ್ತಿನಲ್ಲಿ ಬೆಳೆದವರು ಈ ಮಾರ್ಗವನ್ನು ಹಿಡಿದದ್ದು ಗಾಂಧೀಮಾರ್ಗಕ್ಕೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆ ಸಹಜವಾದುದೇ. ನಾಯಕರಿಲ್ಲದ ಆ ದಿನಗಳಲ್ಲಿ ಕರ್ನಾಟಕದ ಅನೇಕ ಕಾರ್ಯಕರ್ತರ ಮುಂದೆಯೂ ಇದೇ ಪ್ರಶ್ನೆಯಿತ್ತು.

ವರದಾ ನದಿಯ ದಡದಲ್ಲಿರುವ ಹೊಸರಿತ್ತಿಯಲ್ಲಿ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇರಿಸಲಾಗಿತ್ತು. 1943ರ ಏಪ್ರಿಲ್ 1ರಂದು ಮಹದೇವಪ್ಪನವರು ತಮ್ಮ ತಂಡದೊಡನೆ ಆ ಹಣವನ್ನು ವಶಪಡಿಸಿಕೊಳ್ಳಲು ಅಲ್ಲಿಗೆ ಬಂದರು. ಪೊಲೀಸರು ಗುಂಡು ಹಾರಿಸಿದರು. ಮಹದೇವಪ್ಪನವರೊಂದಿಗೆ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಅವರೂ ಪ್ರಾಣ ತೆತ್ತರು. ಆಗ ಮಹದೇವಪ್ಪನವರ ವಯಸ್ಸು 31. ದಾಂಡಿಯನ್ನು ತಲುಪಿದ ದಿನಕ್ಕೆ ಹದಿಮೂರು ವರ್ಷ ತುಂಬಲು ನಾಲ್ಕೇ ದಿನಗಳು ಉಳಿದಿದ್ದವು.

ಈ ಹುತಾತ್ಮರ ಸ್ಮಾರಕವಾಗಿ ಹಾವೇರಿ ನಗರದಲ್ಲಿ ವೀರಸೌಧವಿದೆ. ಹಾವೇರಿ ರೈಲು ನಿಲ್ದಾಣಕ್ಕೂ ಮಹದೇವಪ್ಪ ಮೈಲಾರ ಅವರ ಹೆಸರನ್ನು ಇಡಲಾಗಿದೆ. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರೂ ಆಗಿರುವ ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲ ಎಂಬ ವಸತಿ ಶಾಲೆ ಇದೆ. ಕಚೇರಿ ಕೆಲಸಗಳ ನಿಮಿತ್ತ ಜಿಲ್ಲಾ ಕೇಂದ್ರಕ್ಕೆ ಬರುವ ಸಾರ್ವಜನಿಕರು, ಸಮಯವಿದ್ದಲ್ಲಿ, ವೀರಸೌಧವನ್ನು ಸಂದರ್ಶಿಸಬಹುದು.