ಟಿವಿಗೂ ಮುಂಚಿನ ಡಾಕ್ಟರಮ್ಮ: ಅನುಪಮಾ ನಿರಂಜನ

ಹುಣಸೂರಿನಲ್ಲೋ ಎಚ್.ಡಿ. ಕೋಟೆಯಲ್ಲೋ ಇಂದು ಟಿವಿ ಹಾಕಿದರೆ ಯಾವುದಾದರೂ ವಾಹಿನಿಯಲ್ಲಿ ವೈದ್ಯರೊಬ್ಬರು ಮಾತಾಡುತ್ತಿರುತ್ತಾರೆ. ಮನೆಮನೆಗೆ ಟಿವಿ ಬರುವ ಮುಂಚೆ ಆ ಕೆಲಸವನ್ನು ಕನ್ನಡದಲ್ಲಿ ಪುಸ್ತಕಗಳು ಮಾಡುತ್ತಿದ್ದವು. ಅವನ್ನು ಬರೆದವರಲ್ಲಿ ಡಾ. ಅನುಪಮಾ ನಿರಂಜನ ಮುಖ್ಯರು.

1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ವೈದ್ಯಕೀಯ ಓದಿದ್ದು ಮೈಸೂರಿನಲ್ಲಿ. ಕಾದಂಬರಿಕಾರ ನಿರಂಜನರನ್ನು ಮದುವೆಯಾದರು, ಧಾರವಾಡ ಮತ್ತು ಬೆಂಗಳೂರಿನಲ್ಲಿ ವೃತ್ತಿ ನಡೆಸಿದರು. 'ಮಾಧವಿ'ಯಂಥ ಕಾದಂಬರಿಗಳನ್ನೂ ಮಕ್ಕಳಿಗಾಗಿ 'ದಿನಕ್ಕೊಂದು ಕಥೆ'ಯನ್ನೂ ಬರೆದರು.

ನಮಗೆ ಇಲ್ಲಿ ಬೇಕಾದದ್ದು ಬೇರೆ ಮೂರು ಪುಸ್ತಕ. 'ಕೇಳು ಕಿಶೋರಿ' ಹರೆಯದ ಹುಡುಗಿಯರಿಗೆ, 'ದಾಂಪತ್ಯ ದೀಪಿಕೆ' ಗಂಡ ಹೆಂಡಿರಿಗೆ, 'ತಾಯಿ-ಮಗು' ಬಸುರಿ ಬಾಣಂತಿಯರಿಗೆ. ಮುಟ್ಟಿನ ಬಗ್ಗೆ ಅಮ್ಮನನ್ನೂ ಕೇಳಲಾಗದ ಹುಡುಗಿ ಪುಸ್ತಕವನ್ನು ಒಬ್ಬಳೇ ಕೂತು ಓದಬಹುದು. ಟಿವಿಯನ್ನಾದರೆ ಮನೆಮಂದಿಯೆಲ್ಲ ಒಟ್ಟಿಗೆ ನೋಡುತ್ತಾರೆ, ಮುಜುಗರವಾದರೆ ಯಾರೋ ಚಾನೆಲ್ ಬದಲಿಸುತ್ತಾರೆ!

ಓದದೆ ಉಳಿದರೆ ಆಗುವ ನಷ್ಟ ಸಣ್ಣದಲ್ಲ. ಮುಟ್ಟಿನಲ್ಲಿ ಹೋಗುವುದು ಕೆಟ್ಟ ರಕ್ತವಲ್ಲ, ಗರ್ಭಕೋಶದ ಒಳಪದರ ರಕ್ತದೊಂದಿಗೆ ಕಳಚಿ ಬರುತ್ತದೆ, ಅಷ್ಟೆ. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣು ತರುವ ಎಕ್ಸ್ ಅಥವಾ ವೈ ವರ್ಣತಂತುವಿನ ಮೇಲೆ ನಿಂತಿದೆ. ಇದು ಗೊತ್ತಿಲ್ಲದ ಮನೆಯಲ್ಲಿ ಹೆಣ್ಣು ಹೆತ್ತ ಸೊಸೆಗೆ ಬೈಗುಳ ತಪ್ಪುವುದಿಲ್ಲ. ಅನುಪಮಾ ಕಾದಂಬರಿಗಾರ್ತಿ ಮಾತ್ರ ಎಂದು ನೆನೆಯುವವರು ಈ ಅರ್ಧವನ್ನು ಮರೆಯುತ್ತಾರೆ ಎಂಬುದು ನಮ್ಮ ತಕರಾರು.

ಕ್ಯಾನ್ಸರ್‌ನಿಂದ ಅವರು 1991ರಲ್ಲಿ ತೀರಿಕೊಂಡರು. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.