ಅಲನ್ ಬ್ಲಮ್‌ಲೈನ್ (1903–1942): ವಿದ್ಯುತ್ ಅಳತೆಯನ್ನು ನಿಖರಗೊಳಿಸಿದ ಎಂಜಿನಿಯರ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಲ್ಲಿ ವಿದ್ಯುತ್ ಸಂಪರ್ಕ ಕೋರುವ ಸಾರ್ವಜನಿಕರ ಮಾಹಿತಿಗಾಗಿ ಈ ಪರಿಚಯವನ್ನು ನೀಡಲಾಗಿದೆ.

ಮನೆಯ ಎಲೆಕ್ಟ್ರಾನಿಕ್ ಮೀಟರು 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ನೇರವಾಗಿ ಅಳೆಯುವುದಿಲ್ಲ. ಅದನ್ನು ಗೊತ್ತಾದ ಅನುಪಾತದಲ್ಲಿ ವಿಭಜಿಸಿ, ದೊರೆತ ಸಣ್ಣ ಪಾಲನ್ನು ಅಳೆಯುತ್ತದೆ. ಅನುಪಾತ ತಪ್ಪಿದಲ್ಲಿ ಬಿಲ್ಲಿನ ಮೊತ್ತವೂ ತಪ್ಪುತ್ತದೆ. ಇಂತಹ ವಿಭಜನೆಯನ್ನು ನಿಖರಗೊಳಿಸಿದವರಲ್ಲಿ ಬ್ಲಮ್‌ಲೈನ್‌ರವರು ಪ್ರಮುಖರು.

ಇವರು 1903ರ ಜೂನ್ 29ರಂದು ಲಂಡನ್ನಿನಲ್ಲಿ ಜನಿಸಿದರು. ಹನ್ನೆರಡನೆಯ ವಯಸ್ಸಿನವರೆಗೂ ಇವರಿಗೆ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಆದರೂ ಸಿಟಿ ಅಂಡ್ ಗಿಲ್ಡ್ಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದು, 1924ರಲ್ಲಿ ದೂರವಾಣಿ ಕಂಪನಿಯೊಂದರ ಸೇವೆಗೆ ಸೇರಿದರು. ಒಂದು ತಂತಿಯ ಮಾತು ಮತ್ತೊಂದರಲ್ಲಿ ಕೇಳಿಬರುವ ದೋಷವನ್ನು ತಗ್ಗಿಸುವುದು ಇವರ ಕಾರ್ಯಗಳಲ್ಲೊಂದಾಗಿತ್ತು. ಅದಕ್ಕೆ ಅತಿ ಸೂಕ್ಷ್ಮ ಅಳತೆಗಳು ಅವಶ್ಯವಿದ್ದವು.

ಅಂದು ವೋಲ್ಟೇಜನ್ನು ವಿಭಜಿಸಲು ಸಾಮಾನ್ಯವಾಗಿ ರೋಧಕಗಳನ್ನು ಬಳಸಲಾಗುತ್ತಿತ್ತು. ಉಷ್ಣತೆಯಿಂದಲೂ ಕಾಲಕ್ರಮದಲ್ಲಿಯೂ ರೋಧಕದ ಮೌಲ್ಯ ಬದಲಾಗುತ್ತದೆ. ಪರ್ಯಾಯ ವಿದ್ಯುತ್ತಿನಲ್ಲಿ ಸುತ್ತಲಿನ ತಂತಿಗಳಿಗೆ ಸೋರುವ ಪ್ರವಾಹವೂ ಅಳತೆಯನ್ನು ಕೆಡಿಸುತ್ತದೆ. 1928ರಲ್ಲಿ ಬ್ಲಮ್‌ಲೈನ್‌ರವರು ರೋಧಕಗಳಿಗೆ ಬದಲಾಗಿ, ಪರಸ್ಪರ ಬಿಗಿಯಾಗಿ ಹೊಂದಿಕೊಂಡ ತಂತಿ ಸುರುಳಿಗಳನ್ನು ಬಳಸುವ ವಿಧಾನಕ್ಕೆ ಪೇಟೆಂಟ್ ಕೋರಿದರು. ಇದರಲ್ಲಿ ಅನುಪಾತವನ್ನು ನಿರ್ಧರಿಸುವುದು ಸುತ್ತುಗಳ ಎಣಿಕೆ. ಎಣಿಕೆಯು ಬಿಸಿಲಿಗಾಗಲಿ ಕಾಲಕ್ಕಾಗಲಿ ಬದಲಾಗದು. ಇದೇ ತತ್ವದ ಮೇಲೆ ಮುಂದೆ ರೂಪುಗೊಂಡ ವಿಭಾಜಕಗಳು ಕೋಟಿಯಲ್ಲಿ ಒಂದು ಪಾಲಿನಷ್ಟು ನಿಖರತೆಯನ್ನು ಸಾಧಿಸಿವೆ.

1931ರಲ್ಲಿ ಸ್ಟೀರಿಯೋ ಧ್ವನಿಮುದ್ರಣಕ್ಕೆ ಪೇಟೆಂಟ್ ಕೋರಿದ ಇವರು, 1936ರಲ್ಲಿ ಬಿಬಿಸಿ ಆರಂಭಿಸಿದ ದೂರದರ್ಶನ ವ್ಯವಸ್ಥೆಯ ರಚನೆಯಲ್ಲಿಯೂ ಭಾಗಿಯಾಗಿದ್ದರು. ಇವರ ಹೆಸರಿನಲ್ಲಿ 128 ಪೇಟೆಂಟ್‌ಗಳಿವೆ. 1942ರ ಜೂನ್ 7ರಂದು ರೇಡಾರ್ ಪರೀಕ್ಷಿಸುತ್ತಿದ್ದ ವಿಮಾನವು ಎಂಜಿನ್‌ಗೆ ಬೆಂಕಿ ತಗುಲಿ ಪತನಗೊಂಡಿತು. ಅದರಲ್ಲಿದ್ದ 11 ಮಂದಿಯೂ ಮೃತಪಟ್ಟರು. ಬ್ಲಮ್‌ಲೈನ್‌ರವರಿಗೆ ಆಗ 38 ವರ್ಷ. ಯುದ್ಧಕಾಲದ ಗೋಪ್ಯತೆಯಿಂದಾಗಿ ಅವರ ಮರಣವನ್ನು ಕೂಡಲೇ ಪ್ರಕಟಿಸಲಿಲ್ಲ.

ಅಕ್ಕಿ ಗಿರಣಿಗಳಂತಹ ಹೈಟೆನ್ಷನ್ ಸ್ಥಾವರಗಳಲ್ಲಿ 11,000 ವೋಲ್ಟನ್ನು 110 ವೋಲ್ಟಿಗೆ ಇಳಿಸಿ ಮೀಟರಿಗೆ ಒದಗಿಸುವ ಟ್ರಾನ್ಸ್‌ಫಾರ್ಮರ್ ಸಹ ಸುತ್ತುಗಳ ಅನುಪಾತವನ್ನೇ ಅವಲಂಬಿಸಿದೆ. ಅದರಲ್ಲಿ ಶೇಕಡ 1ರಷ್ಟು ದೋಷವಿದ್ದರೆ, ಪ್ರತಿ 100 ಯೂನಿಟ್‌ಗೆ ಸುಮಾರು 1 ಯೂನಿಟ್ ವ್ಯತ್ಯಾಸವಾಗುತ್ತದೆ. ಆದ್ದರಿಂದ ಮೀಟರಿನ ನಿಖರತೆಯ ಬಗ್ಗೆ ಸಂಶಯವುಳ್ಳ ಗ್ರಾಹಕರು ಸಂಬಂಧಪಟ್ಟ ಬೆಸ್ಕಾಂ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ನಿಗದಿತ ಶುಲ್ಕ ಪಾವತಿಸಿ, ಮೀಟರನ್ನು ಪರೀಕ್ಷೆಗೆ ಒಳಪಡಿಸಬಹುದಾಗಿದೆ.