ಸೆರೆಯವರ ಸಮ್ಮತಿ ಕೇಳಿದ ಎಲಿಜಬೆತ್ ಫ್ರೈ ಅಮ್ಮನವರು

ಎಲಿಜಬೆತ್ ಫ್ರೈ ಅಮ್ಮನವರು 1780ನೆಯ ಇಸವಿ ಮೇ 21ರಂದು ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದ ಸಿರಿವಂತ ಮನೆತನದಲ್ಲಿ ಜನಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಮಾತೃವಿಯೋಗವಾಯಿತು. 1800ರಲ್ಲಿ ಜೋಸೆಫ್ ಫ್ರೈ ಎಂಬವರನ್ನು ವಿವಾಹವಾಗಿ ಲಂಡನ್ನಿಗೆ ಬಂದು, ಹನ್ನೊಂದು ಮಕ್ಕಳ ತಾಯಿಯಾದರು.

1813ರಲ್ಲಿ ಅವರು ಆ ನಗರದ ನ್ಯೂಗೇಟ್ ಸೆರೆಮನೆಯನ್ನು ಹೊಕ್ಕರು. ಸುಮಾರು 300 ಮಂದಿ ಹೆಂಗಸರು ಕೂಸುಗಳೊಡನೆ ಇಕ್ಕಟ್ಟಿನಲ್ಲಿ ಬರಿನೆಲದ ಮೇಲೆ ಮಲಗುತ್ತಿದ್ದರು. ವಿಚಾರಣೆ ಮುಗಿಯದವರೂ ಮರಣದಂಡನೆ ಹೊಂದಿದವರೂ ಒಟ್ಟಿಗೇ ಇದ್ದರು. ಮತ್ತೆ ಹೋದಾಗ ಅಮ್ಮನವರು ಮೊದಲು ಎತ್ತಿದ ಮಾತು ಮಕ್ಕಳ ಪಾಠಶಾಲೆಯದು. ತಾಯಂದಿರು ಹರ್ಷದಿಂದ ಒಪ್ಪಿ, ತಮ್ಮಲ್ಲಿಯೇ ಒಬ್ಬಳನ್ನು ಉಪಾಧ್ಯಾಯಿನಿಯನ್ನಾಗಿ ಆರಿಸಿಕೊಂಡರು.

ದೊಡ್ಡವರಿಗೂ ಹೊಲಿಗೆ ಹೆಣಿಗೆಗಳನ್ನು ಕಲಿಸಬೇಕೆಂದಾಗ ಅಧಿಕಾರಿಗಳು ನಂಬಲಿಲ್ಲ. ಇಂಥವರು ದುಡಿಯಲಾರರು, ಕೊಟ್ಟ ಬಟ್ಟೆಯನ್ನೂ ಕದಿಯುವರೆಂಬುದೇ ಹಲವರ ಎಣಿಕೆ. ಆದರೆ ಬಲವಂತದ ಶಿಸ್ತು ಕಾವಲುಗಾರನು ಮರೆಯಾದೊಡನೆ ಮಾಯವಾಗುವುದೆಂದು ಅಮ್ಮನವರು ಅರಿತಿದ್ದರು. 1817ರ ಏಪ್ರಿಲಿನಲ್ಲಿ ಸಂಗಡಿಗರೊಡನೆ ಒಂದು ಸಂಘವನ್ನು ಸ್ಥಾಪಿಸಿ, ಸೆರೆಯ ಹೆಂಗಸರನ್ನು ನೆರೆಯಿಸಿ, ನಿಯಮಗಳನ್ನು ಒಂದೊಂದಾಗಿ ಓದಿ, ಸಮ್ಮತಿಯುಳ್ಳವರು ಕೈಯೆತ್ತಬೇಕೆಂದು ಕೇಳಿದರು. ಕೈಗಳೆಲ್ಲ ಮೇಲೆದ್ದವು! ಜಗಳ, ಬೈಗುಳ, ಜೂಜುಗಳನ್ನು ಬಿಡಲು ಅವರೇ ಒಪ್ಪಿದರು. ಪ್ರತಿ ಗುಂಪಿಗೂ ಅವರೊಳಗಿನವಳೇ ಮೇಲ್ವಿಚಾರಕಿಯಾದಳು.

1818ರಲ್ಲಿ ಅಮ್ಮನವರು ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಆಸ್ಟ್ರೇಲಿಯಕ್ಕೆ ಗಡೀಪಾರಾಗುವ ಸ್ತ್ರೀಯರಿಗೆ ಹಡಗಿನಲ್ಲಿ ಹೊಲಿಯಲು ಬಟ್ಟೆಯ ತುಂಡು, ಸೂಜಿ, ದಾರಗಳ ಗಂಟುಗಳನ್ನು ಒದಗಿಸಿದರು. ಆದರೂ ಬಿಡುಗಡೆಯ ದಿನದ ಸಂಕಟವು ಉಳಿದೇ ಇದ್ದಿತು. ಕಲಿತ ಕೆಲಸವಿದ್ದರೂ ಕೆಲಸ ಕೊಡುವವರಿಲ್ಲದೆ, ತಲೆಯೂರಲು ಸೂರಿಲ್ಲದೆ, ಹೊರಬಂದವಳು ಹಳೆಯ ಕೂಟಕ್ಕೇ ಮರಳುವಳು. ಇದನ್ನು ಕಂಡು ಅವರು ಮರುಗಿದರು. ಅವರ ಪ್ರೇರಣೆಯಿಂದ 1822ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಬಿಡುಗಡೆಯಾದವರಿಗಾಗಿ ಒಂದು ಆಶ್ರಯಮಂದಿರವು ತೆರೆಯಿತು.

1828ರಲ್ಲಿ ಪತಿಯ ಬ್ಯಾಂಕು ಮುರಿದು ಬಡತನವೂ ನಿಂದೆಯೂ ಬಂದರೂ ಅಮ್ಮನವರು ಸೇವೆಯನ್ನು ಬಿಡಲಿಲ್ಲ. 1845ರ ಅಕ್ಟೋಬರ್ 12ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. ಅವರ ಸ್ಮಾರಕವಾಗಿ 1849ರಲ್ಲಿ ಲಂಡನ್ನಿನಲ್ಲಿ ತೆರೆದುದು ಕಲ್ಲಿನ ಪ್ರತಿಮೆಯಲ್ಲ. ಸೆರೆಯಿಂದ ಹೊರಬಂದ ಯುವತಿಯರಿಗೆ ಒಂದು ಮನೆ.

ಬೂದಿಕೋಟೆ, ಬಂಗಾರಪೇಟೆ, ಚಿನ್ನದ ಗಣಿಗಳ ಸೀಮೆಯಲ್ಲಿ ಗೃಹಿಣಿಯರಾಗಿರುವ ಹಳೆಯ ವಿದ್ಯಾರ್ಥಿನಿಯರೇ, ಮಾತಾಪಿತೃಗಳೇ! ಸೆರೆಮನೆಯೊಳಗೆ ಎಂಥ ವಿದ್ಯೆಯನ್ನು ಕಲಿಸಿದರೂ, ಹಿಂದಿರುಗಿದವಳಿಗೆ ಊರಿನ ಬಾಗಿಲು ಮುಚ್ಚಿದ್ದರೆ ಅದು ನಿಷ್ಫಲ. ಆ ಬಾಗಿಲಿನ ಅಗುಳಿಯು ನಮ್ಮ ಕೈಯಲ್ಲಿದೆ.